ಬುನಿಮ್ ಹೆಣೆಯದ ಕುಲಾವಿ

ಗಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ಆ ಊರಿನ ಹಳೆಯ ಹೆಂಗಸರು ಒಗೆದ ಬಟ್ಟೆ ಹರವುವ ಮೊದಲು ಹಗ್ಗವನ್ನು ಒಂದು ಸಲ ಒರೆಸುತ್ತಾರೆ. ಹಗ್ಗದ ಮೇಲೆ ಈಗ ಕಲ್ಲಿದ್ದಲಿನ ಪುಡಿ ಕೂರುವುದಿಲ್ಲ. ಹೊಳೆಯ ನೀರೂ ತಿಳಿಯಾಗಿ ಹರಿಯುತ್ತದೆ. ಆದರೂ ಕೈ ಒರೆಸುತ್ತದೆ. ಯಾಕೆಂದು ಯಾರಾದರೂ ಕೇಳಿದರೆ, “ಗಣಿ ಮುಚ್ಚಿತು ಅಂತ ಕೈಗೆ ಯಾರು ಹೇಳ್ಬೇಕು?” ಎನ್ನುತ್ತಿದ್ದಳು ತಾಕ್ ಬುನಿಮ್.

ಅವಳ ಕೈಗಳು ಹಾಗೇ ಇದ್ದವು, ಹೇಳಿದ್ದು ಕೇಳುತ್ತಿರಲಿಲ್ಲ. ಗಣಿಗೆ ಇಳಿಯುವವರ ಕೈಗವಸು, ಹೊಟ್ಟೆಪಟ್ಟಿ, ಮಗಳ ಶಾಲೆಯ ಸ್ವೆಟರು, ನೆರೆಮನೆಯ ಮದುಮಗಳ ಶಾಲು, ಎಲ್ಲ ಅವಳ ಕಡ್ಡಿಯ ತುದಿಯಿಂದ ಇಳಿದು ಹೋಗಿದ್ದವು. ಹಳೆಯದನ್ನು ಬಿಚ್ಚಿ, ಕುದಿವ ಕೆಟಲ್ಲಿನ ಹಬೆಗೆ ನೂಲನ್ನು ಹಿಡಿದು ಸುಕ್ಕು ಬಿಡಿಸಿ, ಮತ್ತೆ ಹೆಣೆಯುವಳು. ಒಂದೇ ನೂಲು ಅವಳ ಕೈಯಲ್ಲಿ ಮೂರು ಜನ್ಮ ಎತ್ತುತ್ತಿತ್ತು. ವಯಸ್ಸಾದ ಮೇಲೆ ಮಗಳು ಇನ್‌ಸುಕ್‌ಳ ಜೊತೆಗಿದ್ದಳು. ಇನ್‌ಸುಕ್ ಪೇಟೆಬೀದಿಯಲ್ಲಿ ಖಾರ ಹಾಕಿ ಹುಳಿಬರಿಸಿದ ಕೋಸಿನ ಕಿಮ್ಚಿ, ಪಲ್ಯ, ಬೇಯಿಸಿದ ಸೊಪ್ಪು ಮಾರುವ ಸಣ್ಣ ಅಂಗಡಿ ಇಟ್ಟಿದ್ದಳು. ಬೆಳಿಗ್ಗೆ ಅಲ್ಲಿ ಬೆಳ್ಳುಳ್ಳಿ ಸುಲಿದು, ಮಧ್ಯಾಹ್ನ ಊಟವಾದ ಮೇಲೆ ಬುನಿಮ್ ಹಿರಿಯರ ಕೋಣೆಗೆ ಹೋಗುವಳು. ಗಣಿಯವರ ಹಳೆಯ ಸ್ನಾನದ ಮನೆಯ ಹಿಂದೆ ಆ ಕೋಣೆ. ಅಡಿಯಿಂದ ಕಾಯಿಸಿದ ನೆಲ ಬಿಸಿಯಿರುತ್ತಿತ್ತು. ಹೆಂಗಸರು ಕಾಲನ್ನು ಒಂದೇ ಹೊದಿಕೆಯಡಿ ಚಾಚಿಕೊಂಡು ಹೂವಿನ ಚಿತ್ರದ ಎಲೆಗಳಲ್ಲಿ ಇಸ್ಪೀಟು ಆಡುವರು, ಗೆಣಸು ಸುಡುವರು, ಅಲ್ಲಿ ಇಲ್ಲದವರನ್ನು ಆಡಿಕೊಳ್ಳುವರು.

ಮನೆಮನೆಯ ಕಿಮ್ಚಿ ಹಾಕುವ ಕೆಲಸ ಮುಗಿದು ಮೊದಲ ಹಿಮ ಬಿದ್ದ ವಾರ, ಹೇರಾನ್ ದೊಡ್ಡದೊಂದು ಪೆಟ್ಟಿಗೆ ಎತ್ತಿಕೊಂಡು ಬಂದಳು. ಹಿರಿಯರ ಕೋಣೆಯನ್ನು ನೋಡಿಕೊಳ್ಳುವ ಕೆಲಸ ಅವಳದು. ಅವಳು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ, ಆದರೂ ಎಲ್ಲರಿಗೂ ಟೀಚರಮ್ಮ.

“ಅಮ್ಮಂದಿರಾ, ಎಲೆ ಮಡಚಿಡಿ. ಕೆಲಸ ತಂದಿದ್ದೀನಿ.”

“ನಾನು ಗೆಲ್ಲೋ ಹೊತ್ತಿಗೆ ಸರಿಯಾಗಿ ಬರ್ತೀಯಲ್ಲೇ ತಾಯಿ,” ಎಂದಳು ಹ್ವಾಸುನ್, ಕೈಯಲ್ಲಿದ್ದ ಎಲೆಗಳನ್ನು ಎದೆಗೊತ್ತಿಕೊಂಡು. ಬುನಿಮ್‌ಗಿಂತ ಎರಡು ವರ್ಷ ದೊಡ್ಡವಳು. ಗಣಿಯವರ ಸಾಲುಮನೆಗಳಲ್ಲಿದ್ದಾಗ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಹಲಗೆ ಎಷ್ಟು ತೆಳುವೆಂದರೆ ಇತ್ತ ಬಿಕ್ಕಳಿಸಿದರೆ ಅತ್ತಲಿಂದ ನೀರು ಕುಡಿಯೆಂದು ಹೇಳುತ್ತಿದ್ದರು.

ಪೆಟ್ಟಿಗೆಯಲ್ಲಿ ಹಳದಿ, ಬಿಳಿ, ಹಸಿರು ಉಣ್ಣೆಯುಂಡೆಗಳಿದ್ದವು. ಹೇರಾನ್ ವಿವರಿಸಿದಳು. “ಹಸುಗೂಸುಗಳಿಗೆ ಕುಲಾವಿ ಹೆಣೆಯೋದು. ಸಿಯೋಲ್‌ನಲ್ಲಿ ಒಂದು ಸಂಸ್ಥೆ ಎಲ್ಲಾ ಊರಿಂದ ತರಿಸ್ಕೊಂಡು ತಜಿಕಿಸ್ತಾನಕ್ಕೆ ಕಳಿಸುತ್ತೆ.”

“ಎಂಥಾ ಸ್ತಾನ?”

“ತಜಿಕಿಸ್ತಾನ. ಬರೀ ಬೆಟ್ಟ ಅಮ್ಮಾ. ನಮ್ಮೂರಿಗಿಂತ ಹೆಚ್ಚು ಹಿಮ. ಹುಟ್ಟಿದ ಕೂಸುಗಳು ಚಳಿಗೆ ಉಳಿಯೋದೇ ಕಷ್ಟ ಅಲ್ಲಿ. ತಲೆಗೊಂದು ಕುಲಾವಿ ಇದ್ರೆ ಎಷ್ಟೋ ಕೂಸು ಬದುಕ್ತಾವಂತೆ.”

“ಕೂಸಿನ ತಲೆಗಾ?” ಹ್ವಾಸುನ್ ಎಲೆಗಳನ್ನು ಕೆಳಗಿಟ್ಟಳು. “ತಲೆ ತಂಪು, ಕಾಲು ಬೆಚ್ಚಗೆ. ನಿಮ್ಮಮ್ಮ ಹೇಳ್ಕೊಡಲಿಲ್ವಾ ನಿಂಗೆ? ತಲೆ ಕಾದ್ರೆ ಬುದ್ಧಿ ಬೆಂದ್ಹೋಗುತ್ತೆ. ನನ್ನ ಎರಡನೇ ಮಗನ್ನ ನೋಡು. ಅವನ ಸೋದರತ್ತೆ ಅಕ್ಕರೆಗೆ ಅಂತ ಟೋಪಿ ಹಾಕಿದ್ಲು. ಇವತ್ತಿಗೂ ಹೆಂಡ್ತಿ ಅಂದಿದ್ದಕ್ಕೆಲ್ಲಾ ಹೂಂ ಅಂತಾನೆ.”

ಕೋಣೆಯೆಲ್ಲ ನಕ್ಕಿತು. ಹೇರಾನ್ ಕೂಡ ನಕ್ಕಳು. “ಆ ಕಾಲ ಬೇರೆ ಬಿಡಿ ಅಮ್ಮಾ. ಈಗ ಡಾಕ್ಟರುಗಳೇ ಹೇಳ್ತಾರೆ. ಈ ಕಾಗದದಲ್ಲೂ ಬರೆದಿದೆ ನೋಡಿ. ಕೂಸಿನ ಮೈಯ ಬಿಸಿ ತಲೆಯಿಂದಲೇ ಹೋಗಿಬಿಡುತ್ತಂತೆ. ಕಾಲು ಎಷ್ಟೇ ಸುತ್ತಿದ್ರೂ ತಲೆ ಬರಿದಾಗಿದ್ರೆ ಉಪಯೋಗವಿಲ್ಲ.”

ಬುನಿಮ್ ನಗಲಿಲ್ಲ. ಹಳದಿಯ ಉಂಡೆಯೊಂದನ್ನು ಎತ್ತಿಕೊಂಡು ಅದರ ಎಳೆಯ ತುದಿ ಹುಡುಕುತ್ತ ಕೂತಳು. ತುದಿ ಮೇಲೆಯೇ ಇತ್ತು. ಅವಳ ಕೈಗೆ ಬಹಳ ಹೊತ್ತು ಸಿಗಲಿಲ್ಲ.

ಅಂದಿನಿಂದ ಮಧ್ಯಾಹ್ನಗಳು ಬದಲಾದವು. ಇಸ್ಪೀಟು ಮೂಲೆ ಸೇರಿತು. ಕಣ್ಣು ಮಂಜಾದವರು ದೊಡ್ಡ ಕುಣಿಕೆ ಹಾಕಿದರು, ಬೆರಳು ನಡುಗುವವರು ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆದರು. ಹ್ವಾಸುನ್‌ಳ ಮೊದಲ ಕುಲಾವಿ ಕೆಳಗೆ ಅಗಲವಾಗಿ ಮೇಲೆ ಮೊನಚಾಗಿ ಬಂದು, “ಇದು ಕೂಸಿಗಲ್ಲ ಬಿಡಿ, ಗಣಿ ಸಿಡಿಸೋ ಮದ್ದಿನ ಕಡ್ಡಿಗೆ,” ಎಂದು ಅವಳೇ ಹೇಳಿ ನಗಿಸಿದಳು. ಯಾರ ಕುಣಿಕೆ ಜಾರಿದರೂ, “ಬುನಿಮ್, ಇದನ್ನೊಂಚೂರು ನೋಡೇ,” ಎಂದು ಅವಳ ಮುಂದೆ ಚಾಚುವರು. ಬುನಿಮ್ ಎತ್ತಿಕೊಟ್ಟು, ಕಟ್ಟಿಕೊಟ್ಟು, ಮತ್ತೆ ತನ್ನ ಕೆಲಸಕ್ಕೆ ತಲೆ ತಗ್ಗಿಸುವಳು. ಅವಳು ಏನು ಹೆಣೆಯುತ್ತಿದ್ದಾಳೆಂದು ಯಾರೂ ನೋಡಲಿಲ್ಲ. ಅವಳ ಹೆಣಿಗೆಯನ್ನು ನೋಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಹೇರಾನ್ ಮುಗಿದವನ್ನು ಒಟ್ಟುಮಾಡಲು ಕೂತ ದಿನ ಬುನಿಮ್‌ಳ ಚೀಲದಿಂದ ಹೊರಬಂದದ್ದು ಕಾಲುಚೀಲಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಕಾಲುಚೀಲಗಳು, ಜೋಡಿಜೋಡಿಯಾಗಿ, ಹಿಮ್ಮಡಿಯ ತಿರುವು ಎಷ್ಟು ನಯವೆಂದರೆ ಎಲ್ಲಿ ತಿರುಗಿತೆಂದು ಹುಡುಕಬೇಕು. ಹಳದಿ, ಬಿಳಿ, ಹಸಿರು. ಹೇರಾನ್ ಒಂದನ್ನು ಬೆರಳಿಗೆ ಹಾಕಿ ನೋಡಿದಳು.

“ಅಮ್ಮಾ, ಎಷ್ಟು ಚೆನ್ನಾಗಿದಾವೆ. ಆದ್ರೆ ಇವನ್ನ ಅವರು ತಗೊಳ್ಳೋದಿಲ್ವಲ್ಲ. ಕುಲಾವಿ ಮಾತ್ರ ಅಂತ ಬರೆದಿದ್ದಾರೆ.”

“ಕಾಲು ಬೆಚ್ಚಗಿದ್ರೆ ಸಾಕು,” ಎಂದಳು ಬುನಿಮ್.

“ಅದಲ್ಲಮ್ಮಾ, ನಿಮ್ಮಂಥ ಕೈ ಈ ಕೋಣೆಯಲ್ಲಿ ಇನ್ಯಾರಿಗಿದೆ? ನೀವು ಒಂದು ಕುಲಾವಿ ಹೆಣೆದ್ರೆ ಎಲ್ಲರಿಗೂ ಅದನ್ನೇ ತೋರಿಸಬಹುದು. ಸುಮ್ನೆ ಒಂದು.”

“ಹೆಣೆಯೋದಿಲ್ಲ.”

“ಹಠ ನೋಡಿ ಅಜ್ಜಿದು,” ಎಂದು ಮೂಲೆಯಿಂದ ಯಾರೋ ನಕ್ಕರು. ಹೇರಾನ್ ಒಳ್ಳೆಯ ಮನಸ್ಸಿನಿಂದಲೇ ಕಾಗದ ಬಿಡಿಸಿದಳು. “ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ ಅನ್ಸುತ್ತೆ ಅವತ್ತು. ಓದ್ತೀನಿ ಇರಿ. ‘ತಿಂಗಳು ತುಂಬದ ಕೂಸುಗಳಂತೂ ತಲೆ ಬರಿದಾಗಿದ್ದರೆ...’”

ಬುನಿಮ್ ಎದ್ದಳು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಆದರೂ ಎಂದಿಗಿಂತ ಬೇಗ ಎದ್ದಳು. “ಕೂಸು ಸಾಯೋದು ಅದರ ಹಣೆಬರಹಕ್ಕೆ, ತಾಯಿ. ಕಾಗದ ಓದ್ಕೊಂಡಲ್ಲ,” ಎಂದಳು. ಬಾಗಿಲಲ್ಲಿ ಎಲ್ಲರ ಬೂಟುಗಳೂ ಒಂದೇ ಥರ, ಒಂದೇ ಸಂತೆಯಲ್ಲಿ ಕೊಂಡ ನೇರಳೆ ಬಣ್ಣದವು. ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿ ಹೊರಟಳು. ಸೇತುವೆ ದಾಟಿದ ಮೇಲೆ ಹಿಮ್ಮಡಿ ಜಾರತೊಡಗಿದಾಗ ಅದು ತನ್ನದಲ್ಲವೆಂದು ತಿಳಿಯಿತು. ವಾಪಸು ಹೋಗಲಿಲ್ಲ.

ಮೊದಲ ಕೂಸು ಹುಟ್ಟಿದಾಗ ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ. ಗಂಡ ಮಾನ್ಬೊಕ್ ಎರಡನೇ ಸುರಂಗದಲ್ಲಿ ಕೆಲಸಕ್ಕಿದ್ದ. ಕೂಸು ತಿಂಗಳು ತುಂಬುವ ಮೊದಲೇ ಬಂತು, ಚಳಿ ಕಲ್ಲು ಸೀಳುವಂತಿದ್ದ ದಿನಗಳಲ್ಲಿ. ಅತ್ತೆಯೇ ಹೆರಿಗೆ ಮಾಡಿಸಿದಳು. ಬಾಗಿಲಿಗೆ ಹುಲ್ಲುಹಗ್ಗ ಎಳೆದು ಕೆಂಪು ಮೆಣಸಿನಕಾಯಿ ಸಿಕ್ಕಿಸಿದಾಗ ಗಂಡು ಹುಟ್ಟಿತೆಂದು ಇಡೀ ಸಾಲಿಗೆ ತಿಳಿಯಿತು. ಅತ್ತೆ ಕೂಸನ್ನು ‘ಕಲ್ಲು’ ಎಂದು ಕರೆದಳು. ಅಂಥ ಹೆಸರಿಟ್ಟರೆ ಸಾವು ಒಮ್ಮೆ ಮೂಸಿ ನೋಡಿ, ಇದು ತನಗೆ ಬೇಡವೆಂದು ಮುಂದೆ ಹೋಗುತ್ತದಂತೆ. ನಿಜವಾದ ಹೆಸರು ನೂರು ದಿನ ಕಳೆದ ಮೇಲೆ.

ಅತ್ತೆ ಕೆಟ್ಟವಳಾಗಿರಲಿಲ್ಲ. ಬಾಣಂತಿಗೆ ಸಮುದ್ರಪಾಚಿಯ ಸಾರನ್ನು ಹೊತ್ತುಹೊತ್ತಿಗೆ ಕಾಯಿಸಿಕೊಟ್ಟಳು. ತನ್ನ ಬಟ್ಟಲಿನ ಅನ್ನವನ್ನು ಕಾಣದಂತೆ ಸೊಸೆಯ ಬಟ್ಟಲಿಗೆ ತಳ್ಳಿದಳು. ಕೂಸಿನ ಕಾಲುಗಳಿಗೆ ಹತ್ತಿ ಸುತ್ತಿ, ಅದರ ಮೇಲೆ ತನ್ನ ಹಳೆಯ ಕಾಲುಚೀಲವನ್ನೇ ಕತ್ತರಿಸಿ ಹೊಲಿದು ತೊಡಿಸಿದಳು. ಬೆಚ್ಚನೆಯ ಮೂಲೆ ಒಂದೇ ಇತ್ತು, ಒಲೆಯ ಕಡೆಯದು. ತಾಯಿ, ಕೂಸು ಅಲ್ಲಿ ಮಲಗಿದರು. ಆ ಮನೆಗಳಲ್ಲಿ ಬೆನ್ನು ಬೇಯುವುದು, ಮೂಗು ಹೆಪ್ಪುಗಟ್ಟುವುದು. ಗೋಡೆಯ ಪಕ್ಕದ ಚೊಂಬಿನಲ್ಲಿ ನೀರು ಮಂಜುಗಡ್ಡೆಯಾಗುತ್ತಿತ್ತು.

ಕೂಸಿನ ನೆತ್ತಿ ತೆಳ್ಳಗೆ ಬಡಿದುಕೊಳ್ಳುತ್ತಿತ್ತು. ಮೇಲೆ ಮೂರು ನಾಲ್ಕು ಕೂದಲು. ಬುನಿಮ್ ಅದರ ಮೇಲೆ ಅಂಗೈ ಇಟ್ಟಳು. ತಲೆ ಪೂರ್ತಿ ಅಂಗೈಯೊಳಗೆ ಹಿಡಿಸಿತು, ತಣ್ಣಗಿತ್ತು.

“ಕೈ ತೆಗಿ,” ಎಂದಳು ಅತ್ತೆ. “ನೆತ್ತಿಗೆ ಗಾಳಿ ಆಡ್ಲಿ. ತಲೆ ತಂಪು, ಕಾಲು ಬೆಚ್ಚಗೆ. ಏಳು ಹೆತ್ತವಳು ಹೇಳ್ತಿದ್ದೀನಿ.”

ಬುನಿಮ್ ಕೈ ತೆಗೆದಳು.

ಬೆಳಗಿನ ಪಾಳಿಯ ಸೈರನ್ ಕೂಗಿದಾಗ ಕೂಸು ಬೆಚ್ಚಿಬೀಳಲಿಲ್ಲ. ದಿನವೂ ಬೆಚ್ಚಿಬೀಳುತ್ತಿತ್ತು. ಅವಳು ಮೊದಲು ಮುಟ್ಟಿ ನೋಡಿದ್ದು ಕಾಲುಗಳನ್ನು. ಕಾಲುಗಳಿನ್ನೂ ಬೆಚ್ಚಗಿದ್ದವು.

ಮಾನ್ಬೊಕ್ ಕೂಸನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ತೋಳಿನಡಿ ಇಟ್ಟುಕೊಂಡು ಹೊರಟ. ಎಲ್ಲಿಗೆಂದು ತಾಯಿ ಕೇಳಬಾರದು, ತಂದೆ ಹೇಳಬಾರದು. ತಾಯಿಗೆ ಜಾಗ ಗೊತ್ತಾದರೆ ಮುಂದೆ ಹುಟ್ಟುವ ಕೂಸಿಗೂ ಆ ದಾರಿ ಗೊತ್ತಾಗುತ್ತದೆ ಎನ್ನುತ್ತಿದ್ದರು. ಮಧ್ಯಾಹ್ನ ಅವನು ಬರಿಗೈಯಲ್ಲಿ, ಬರಿತಲೆಯಲ್ಲಿ ಬಂದ. ಕಿವಿಗಳು ಕೆಂಪಾಗಿ ಊದಿದ್ದವು.

“ಟೋಪಿ ಎಲ್ಲಿ?” ಎಂದು ಕೇಳಿದಳು ಬುನಿಮ್. ಆ ಕಂದು ಟೋಪಿಯನ್ನು ಅವಳೇ ಹೆಣೆದಿದ್ದಳು, ಎರಡು ಕುಣಿಕೆ ಮೇಲೆ ಎರಡು ಕೆಳಗೆ ಹಾಕಿ, ಕಿವಿ ಮುಚ್ಚುವಂತೆ, ಮದುವೆಯಾದ ಮೊದಲ ಚಳಿಗಾಲದಲ್ಲಿ.

“ಬಿದ್ಹೋಯ್ತು.”

“ಎಲ್ಲಿ?”

“ಹಿಮದಲ್ಲಿ.”

ಅಲ್ಲಿಯವರೆಗೆ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಆಗ ಬಾಯಿ ಬಿಟ್ಟಳು. ಒಂದು ಟೋಪಿ ಕಾಯ್ದುಕೊಳ್ಳಲಾಗದವರು ಏನನ್ನು ಕಾಯುತ್ತೀರಿ ಎಂದಳು. ತೆಳ್ಳನೆಯ ಹಲಗೆಯಾಚೆ ಕೇಳುತ್ತದೆಂಬ ಪರಿವೆಯಿಲ್ಲದೆ, ಮರುದಿನವೂ, ಅದರ ಮರುದಿನವೂ ಆ ಟೋಪಿಯದೇ ಮಾತು. ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಕೊನೆಗೆ ಅವಳೇ ಇನ್ನೊಂದು ಹೆಣೆದು ಕೊಟ್ಟಳು. ಅವನು ಅದನ್ನು ಮೊಳೆಗೆ ನೇತುಹಾಕಿದ. ಆ ಚಳಿಗಾಲವೆಲ್ಲ ಬರಿತಲೆಯಲ್ಲಿ ಗಣಿಗೆ ನಡೆದುಹೋದ. ಬೈದದ್ದಕ್ಕೆ ಸೇಡೆಂದು ಅವಳು ಅಂದುಕೊಂಡಳು.

ಆಮೇಲೆ ಇನ್‌ಸುಕ್ ಹುಟ್ಟಿದಳು. ಊರು ಬುನಿಮ್‌ಳನ್ನು ಇನ್‌ಸುಕ್ ಅಮ್ಮ ಎಂದು ಕರೆಯಿತು. ಅದಕ್ಕೂ ಮೊದಲು ಅವಳು ಅಮ್ಮನಾಗಿದ್ದಳೆಂಬುದು ಯಾವ ದಾಖಲೆಯಲ್ಲೂ ಸೇರಲಿಲ್ಲ, ಯಾರ ಬಾಯಲ್ಲೂ ಉಳಿಯಲಿಲ್ಲ. ಅತ್ತೆ ಹೋದಳು. ಕಲ್ಲಿದ್ದಲಿನ ಪುಡಿ ಎದೆಯಲ್ಲಿ ಗಟ್ಟಿಯಾಗಿ ಮಾನ್ಬೊಕ್ ಹೋದ. ಇಷ್ಟು ವರ್ಷವೂ ಬುನಿಮ್ ಒಂದೇ ಒಂದು ಮಾತನ್ನು ಹಿಡಿದುಕೊಂಡು ಬದುಕಿದ್ದಳು. ಕಾಲು ಬೆಚ್ಚಗಿದ್ದವಲ್ಲ. ಮಾಡಬೇಕಾದದ್ದನ್ನು ಮಾಡಿದ್ದೆವಲ್ಲ.

ಬೂಟು ಅದಲುಬದಲಾದ ಮರುದಿನ ಬೆಳಿಗ್ಗೆ ಹ್ವಾಸುನ್ ಅಂಗಡಿಗೆ ಬಂದಳು, ಒಂದು ಚೀಲದಲ್ಲಿ ಬುನಿಮ್‌ಳ ಬೂಟು ಹಿಡಿದುಕೊಂಡು.

“ಎಲ್ಲೇ ಕಳ್ಳಿ? ನನ್ನ ಬೂಟು ಕೊಡು. ನಿನ್ನ ಬೂಟಲ್ಲಿ ನನ್ನ ಹೆಬ್ಬೆರಳು ಒಳಗೆ ಹೋಗದೆ ಹೊರಗೇ ಕೂತ್ಕೊಂಡು ಅಳ್ತಿತ್ತು.”

ಇನ್‌ಸುಕ್ ನಗುತ್ತ, “ಒಳಗಿದ್ದಾರೆ ದೊಡ್ಡಮ್ಮ, ಹೋಗಿ,” ಎಂದಳು. ಒಳಗಿನ ಕೋಣೆಯಲ್ಲಿ ಬುನಿಮ್ ಮೊಳಕೆಕಾಳಿನ ರಾಶಿಯ ಮುಂದೆ ಕೂತು ಒಂದೊಂದರ ಬಾಲ ಮುರಿಯುತ್ತಿದ್ದಳು. ಹ್ವಾಸುನ್ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

“ಟೀಚರಮ್ಮ ನಿನ್ನೆ ಅತ್ತುಬಿಟ್ಲು. ನಾನೇನು ತಪ್ಪು ಮಾತಾಡಿದೆ ಅಂತ.”

“ಅವಳದ್ದೇನು ತಪ್ಪಿಲ್ಲ.”

“ಮತ್ತೆ ಒಂದು ಕುಲಾವಿ ಹೆಣೆದು ಬಿಸಾಕೋಕೆ ನಿಂಗೇನು ಕಷ್ಟ? ಕಣ್ಣು ಕಾಣದ ನಾನೇ ಮದ್ದಿನ ಕಡ್ಡಿಗೆಲ್ಲಾ ಟೋಪಿ ಹೆಣೀತಿದ್ದೀನಿ.”

“ಆಗಲ್ಲ ಅಕ್ಕ.”

“ಯಾಕೆ ಆಗಲ್ಲ?”

ಬುನಿಮ್ ಇನ್ನೊಂದು ಬಾಲ ಮುರಿದಳು. ಆಮೇಲೆ ಕೈಯಲ್ಲಿದ್ದ ಕಾಳನ್ನೇ ನೋಡುತ್ತ ಹೇಳಿದಳು. “ಕುಲಾವಿ ಹೆಣೆದ್ರೆ ಆ ಕಾಗದದಲ್ಲಿ ಬರೆದಿದ್ದು ನಿಜ ಅಂತ ನಾನು ಒಪ್ಕೊಂಡ ಹಾಗೆ ಆಗುತ್ತೆ. ಆಗ... ಕೈ ತೆಗೆದವಳು ನಾನೇ ಅಲ್ವಾ. ಅತ್ತೆ ಹೇಳಿದ್ರು, ಹೌದು. ಆದ್ರೆ ತಣ್ಣಗಿದ್ದಿದ್ದು ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಾಗಿಯೂ ತೆಗೆದೆ.”

ಮುಂದಿನ ಅಂಗಡಿಯಲ್ಲಿ ಯಾರೋ ಮೂಲಂಗಿ ಕಿಮ್ಚಿ ಕೇಳಿದರು. ಇನ್‌ಸುಕ್ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು.

“ಅದು ಎಳೇ ಕೂಸು ಕಣೇ,” ಎಂದಳು ಹ್ವಾಸುನ್. ಅವಳ ದನಿ ತಗ್ಗಿತ್ತು. “ಟೋಪಿ ಇದ್ರೂ ಉಳೀತಿತ್ತೋ ಇಲ್ವೋ, ಯಾರು ಕಂಡಿದ್ದಾರೆ? ಡಾಕ್ಟರಿಲ್ಲ, ಏನಿಲ್ಲ.”

“ಯಾರೂ ಕಂಡಿಲ್ಲ. ಅದೇ ಅಲ್ವಾ.”

ಹ್ವಾಸುನ್ ಕೈಯಲ್ಲಿದ್ದ ಕಾಳುಗಳನ್ನು ತಟ್ಟೆಗೆ ಬಿಟ್ಟಳು. ಎದ್ದು ಹೋಗಿ ನಡುವಿನ ಬಾಗಿಲು ಎಳೆದು ಬಂದು ಕೂತಳು.

“ನಿನ್ನ ಗಂಡನ ಟೋಪಿ ಹಿಮದಲ್ಲಿ ಬೀಳಲಿಲ್ಲ, ಬುನಿಮ್.”

ಬುನಿಮ್ ತಲೆ ಎತ್ತಿದಳು.

“ಅವತ್ತು ನಮ್ಮನೆಯೋರು ಜೊತೆಗೆ ಹೋಗಿದ್ರು. ನೆಲ ಕಲ್ಲಾಗಿತ್ತಲ್ಲ, ಒಬ್ಬನ ಕೈಲಿ ಅಗೆಯೋಕೆ ಆಗ್ತಿರ್ಲಿಲ್ಲ. ಮಣ್ಣು ಎಳೆಯೋಕೆ ಹೋದಾಗ ನಿನ್ನ ಗಂಡ ‘ತಾಳು’ ಅಂದನಂತೆ. ತನ್ನ ಟೋಪಿ ತೆಗೆದು ಕೂಸಿನ ತಲೆಗೆ ಹಾಕಿದನಂತೆ. ದೊಡ್ಡೋರ ಟೋಪಿ, ಕುತ್ತಿಗೆವರೆಗೂ ಇಳೀತಂತೆ. ಮುಖ ಮುಚ್ಚಿಹೋಗುತ್ತೆ ಅಂತ ಅಂಚು ಮಡಚಿ, ಮತ್ತೆ ಮಡಚಿ ಹಾಕಿದನಂತೆ. ‘ಚಳಿ’ ಅಂದನಂತೆ. ಅಷ್ಟೇ. ಆಮೇಲೆ ಕಲ್ಲು ಇಟ್ಟು ಬಂದ್ರು.” ಹ್ವಾಸುನ್ ಮೂಗೊರೆಸಿಕೊಂಡಳು. “ನಮ್ಮೋರು ಇದನ್ನ ಒಂದು ಸಲ ಕುಡಿದು ಬಂದಾಗ ಹೇಳಿದ್ರು. ಬೆಳಿಗ್ಗೆ ಎದ್ದು, ಮಾನ್ಬೊಕ್‌ಗೆ ಮಾತು ಕೊಟ್ಟಿದ್ದೀನಿ, ಬಾಯಿಬಿಟ್ರೆ ಹುಷಾರು ಅಂದ್ರು. ಆಮೇಲೆ ಇನ್‌ಸುಕ್ ನಿನ್ನ ಹೊಟ್ಟೇಲಿದ್ಲು. ಹೇಗೆ ಹೇಳಲಿ? ಆಮೇಲೆ... ಆಮೇಲೆ ಹಳೇದಾಯ್ತು ಅಂದ್ಕೊಂಡೆ.”

ಬುನಿಮ್‌ಳ ಬೆರಳುಗಳು ಮತ್ತೆ ಕಾಳಿನ ರಾಶಿಗೆ ಇಳಿದವು. ಬಾಲ ಮುರಿದು ಕಾಳನ್ನು ಕಸಕ್ಕೂ ಬಾಲವನ್ನು ತಟ್ಟೆಗೂ ಹಾಕತೊಡಗಿದಳು. ಹ್ವಾಸುನ್ ನೋಡಿದಳು, ತಡೆಯಲಿಲ್ಲ.

“ನಾನು ಬೈದೆ,” ಎಂದಳು ಬುನಿಮ್.

“ಗೊತ್ತು. ಗೋಡೆ ಕೇಳಿಸ್ತಿತ್ತು.”

“ಒಂದು ಟೋಪಿ ಕಾಯ್ಕೊಳ್ಳೋಕೆ ಆಗಲ್ವಾ ಅಂದೆ. ಅಷ್ಟಂದ್ರೂ ಅವರು ಸುಮ್ನಿದ್ರಲ್ಲ. ಒಂದು ಮಾತು ಆಡಬಹುದಿತ್ತು. ಇಷ್ಟು ವರ್ಷ ಒಂದೇ ತಟ್ಟೇಲಿ ಕಿಮ್ಚಿ ತಿಂದ್ವಿ, ಅಕ್ಕ.” ಆಮೇಲೆ ತಾಯಿ ಕೇಳಬಾರದ್ದನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದಳು. “ಎಲ್ಲಿ?”

“ಎರಡನೇ ಸುರಂಗದ ಹಿಂದಿನ ಇಳಿಜಾರು ಅಂದ್ರು. ಆಮೇಲೆ ಗಣಿಯೋರು ಅದರ ಮೇಲೆ ಕಲ್ಲುಮಣ್ಣು ಸುರಿದ್ರಲ್ಲ. ಸುರಿದು ಸುರಿದು ಈಗ ಅಲ್ಲಿ ಬೇರೆ ಗುಡ್ಡವೇ ಆಗಿದೆ. ಬಿಳಿ ತೊಗಟೆ ಮರ ನೆಟ್ಟಿದ್ದಾರೆ ನೋಡು, ಅದೇ.”

ಆ ಗುಡ್ಡ ಬುನಿಮ್‌ಳ ಬಟ್ಟೆ ಹರವುವ ಹಗ್ಗದ ಆಚೆಗೇ ಕಾಣುತ್ತಿತ್ತು. ಎಷ್ಟೋ ವರ್ಷಗಳಿಂದ ಅವಳು ಹಗ್ಗ ಒರೆಸುವಾಗ ಕಣ್ಣೆದುರಿಗೆ ಇದ್ದದ್ದು ಅದೇ. ಚಳಿಗಾಲದಲ್ಲಿ ಎಲೆ ಉದುರಿದ ಆ ಮರಗಳು ಗುಡ್ಡಕ್ಕೆ ನೆರೆತ ಕೂದಲಿನಂತೆ ಕಾಣುತ್ತವೆಂದು ಒಮ್ಮೆ ಮಗಳಿಗೆ ತೋರಿಸಿಯೂ ಇದ್ದಳು.

ಹ್ವಾಸುನ್ ಹೊರಡುವಾಗ ಮೆಟ್ಟಿಕೊಂಡದ್ದು ತನ್ನದೇ ಬೂಟೋ ಎಂದು ಎರಡು ಸಲ ನೋಡಿಕೊಂಡಳು.

ಕೆಲವು ದಿನ ಬುನಿಮ್ ಹಿರಿಯರ ಕೋಣೆಯ ಕಡೆ ಹೋಗಲಿಲ್ಲ. ಅಂಗಡಿಯ ಹಿಂದಿನ ಕಿಟಕಿಯಲ್ಲಿ ಕೂತು ಹೆಣೆಯುತ್ತಿದ್ದಳು. ಹಳದಿಯ ನೂಲು. ಇನ್‌ಸುಕ್ ಬಾರ್ಲಿಯ ಕಷಾಯ ತಂದಿಟ್ಟು ಇಣುಕಿ ನೋಡಿದಳು.

“ಏನಮ್ಮಾ ಇದು, ಇಷ್ಟು ಪುಟ್ಟದು?”

“ನಿಮ್ಮಣ್ಣನ ಅಳತೆ.”

ಇನ್‌ಸುಕ್ ಲೋಟ ಹಿಡಿದ ಕೈಯನ್ನು ಹಿಂದೆಗೆಯದೆ ಹಾಗೇ ನಿಂತಳು. ಐವತ್ತರ ಹತ್ತಿರದ ಹೆಂಗಸು ಅವಳು. ತನಗೊಬ್ಬ ಅಣ್ಣನಿದ್ದನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾಯಿಯ ಮುಖ ನೋಡಿದಳು, ಲೋಟ ಬಿಟ್ಟು, ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ತಾಯಿಯ ಪಕ್ಕದಲ್ಲಿ ಕೂತಳು. ಹೊರಗೆ ಗಿರಾಕಿ ಕರೆದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.

ಬುನಿಮ್ ಎರಡು ಕುಣಿಕೆ ಮೇಲೆ, ಎರಡು ಕೆಳಗೆ ಹಾಕಿ ಹೆಣೆದಿದ್ದಳು. ಕಿವಿ ಮುಚ್ಚುವಂತೆ ಎರಡು ಪುಟ್ಟ ರೆಕ್ಕೆಗಳಿದ್ದವು. ಅಳತೆಗೆ ಅವಳಿಗೆ ದಾರ ಬೇಕಾಗಲಿಲ್ಲ. ಅಂಗೈಯನ್ನು ಸ್ವಲ್ಪ ಮಡಚಿ, ಆ ಗುಳಿಯ ಮೇಲೆ ಇಟ್ಟು ನೋಡಿಕೊಳ್ಳುತ್ತಿದ್ದಳು, ಅಷ್ಟೆ.

ಸಿಯೋಲ್‌ಗೆ ಕಳಿಸುವ ಮುಂಚಿನ ದಿನ ಹಿರಿಯರ ಕೋಣೆಯಲ್ಲಿ ಕುಲಾವಿಗಳನ್ನು ಒಗೆದರು. ಉಣ್ಣೆ ಆಕಾರ ಕೆಡಬಾರದೆಂದು ಅನ್ನದ ಬಟ್ಟಲುಗಳನ್ನು ಬಿಸಿನೆಲದ ಮೇಲೆ ಬೋರಲು ಹಾಕಿ, ಒಂದೊಂದರ ಮೇಲೆ ಒಂದೊಂದು ಒದ್ದೆ ಕುಲಾವಿ ತೊಡಿಸಿದ್ದರು. ಗೋಡೆಯಿಂದ ಗೋಡೆಯವರೆಗೆ ಹಳದಿ, ಬಿಳಿ, ಹಸಿರು ತಲೆಗಳ ಸಾಲು. ಅವುಗಳಿಂದ ತೆಳ್ಳಗೆ ಹಬೆ ಏಳುತ್ತಿತ್ತು.

“ಅಲ್ಲಿ ತುಳೀಬೇಡ, ಮಕ್ಕಳು ಮಲಗಿದ್ದಾವೆ,” ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಬಾಗಿಲಲ್ಲಿ ಬುನಿಮ್‌ಳನ್ನು ಕಂಡು ನಗು ನಿಂತಿತು.

ಹೇರಾನ್ ಎದ್ದು ಬಂದಳು. “ಅಮ್ಮಾ, ಅವತ್ತು ನಾನು...”

“ಅದಿರ್ಲಿ ಬಿಡಮ್ಮಾ.” ಬುನಿಮ್ ಜೇಬಿನಿಂದ ಕುಲಾವಿ ತೆಗೆದು ಅವಳ ಕೈಗಿಟ್ಟಳು.

ಹೇರಾನ್ ಅದನ್ನು ಹೊರಳಿಸಿ ನೋಡಿದಳು. ಅಳತೆಪಟ್ಟಿ ಅವಳ ಕೊರಳಲ್ಲೇ ನೇತಾಡುತ್ತಿತ್ತು. ಅವಳ ಕೈ ಅದರತ್ತ ಹೋಗಿ ಅರ್ಧಕ್ಕೆ ನಿಂತಿತು. “ತುಂಬಾ ಚಿಕ್ಕದಾಯ್ತೇನೋ ಅಮ್ಮಾ. ಅವರು ಕೊಟ್ಟಿರೋ ಅಳತೆ...”

“ಇಷ್ಟೇ ಇತ್ತು,” ಎಂದಳು ಬುನಿಮ್.

ಹ್ವಾಸುನ್ ತನ್ನ ಹೆಣಿಗೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದುಕೊಂಡಳು.

ಹೇರಾನ್ ಕೊರಳಿನಿಂದ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. “ತಿಂಗಳು ತುಂಬದ ಕೂಸುಗಳೂ ಇರ್ತಾವಲ್ಲ, ಅಮ್ಮಾ. ಕಳಿಸೋಣ. ಒಗೆದು ಒಣಗಿಸಿಬಿಡಿ, ನಾಳೆ ಬೆಳಿಗ್ಗೆ ಕಟ್ಟಬೇಕು.”

ಬುನಿಮ್ ಬೆಚ್ಚನೆಯ ನೀರಿನಲ್ಲಿ ಕುಲಾವಿಯನ್ನು ಅದ್ದಿ, ಹಿಂಡದೆ, ಎರಡು ಅಂಗೈಗಳ ನಡುವೆ ಒತ್ತಿ ನೀರು ಇಳಿಸಿದಳು. ಯಾವ ಬಟ್ಟಲಿಗೂ ಅದು ಹಿಡಿಸಲಿಲ್ಲ. ಕಪಾಟು ಹುಡುಕಿ ಒಂದು ಪುಟ್ಟ ಲೋಟ ತಂದು, ಸಾಲಿನ ಕೊನೆಯಲ್ಲಿ, ನೆಲ ತುಂಬ ಕಾದಿರುವ ಜಾಗದಲ್ಲಿ ಬೋರಲು ಹಾಕಿ ಅದಕ್ಕೆ ತೊಡಿಸಿದಳು. ಪಕ್ಕದಲ್ಲಿ ಕೂತಳು. ಅದರ ಮೇಲೆ ಅಂಗೈ ಇಟ್ಟಳು. ಒದ್ದೆ ಉಣ್ಣೆ ಮೊದಲು ತಣ್ಣಗಿತ್ತು.

ಕಿಟಕಿಯಾಚೆ ಹಿಮ ಬೀಳಲು ಶುರುವಾಗಿತ್ತು. ಎರಡನೇ ಸುರಂಗದ ಹಿಂದಿನ ಗುಡ್ಡ ಮೊದಲು ಮಸುಕಾಯಿತು, ಆಮೇಲೆ ಕಾಣದಾಯಿತು. ಒಳಗೆ ಯಾರೋ ಗೆಣಸು ಸುಡಲು ಇಟ್ಟರು. ಮತ್ತೆ ಮಾತು ಶುರುವಾಯಿತು, ಮೆಲ್ಲಗೆ.

ಬಹಳ ಹೊತ್ತಾದ ಮೇಲೆ ಹ್ವಾಸುನ್ ಸುಟ್ಟ ಗೆಣಸಿನ ತುಂಡೊಂದನ್ನು ಅವಳ ಮುಂದೆ ಚಾಚಿ, ತಾನೇನು ಹೇಳುತ್ತಿದ್ದೇನೆಂಬ ಯೋಚನೆಯಿಲ್ಲದೆ ಹೇಳಿದಳು. “ಕೈ ತೆಗಿಯೇ, ಬುನಿಮ್. ಗಾಳಿ ಆಡ್ಲಿ. ಬೇಗ ಒಣಗುತ್ತೆ.”

“ಇರ್ಲಿ ಅಕ್ಕ,” ಎಂದಳು ಬುನಿಮ್.

ಕೈ ತೆಗೆಯಲಿಲ್ಲ.